ಓದಿದ್ದರಲ್ಲಿ ಮುಖ್ಯವಾದುದು ಯಾವುದು?
(ಶಿಕ್ಷಕ–ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆರನೆಯ ತರಗತಿಗೆ ಬರುವ ಹೊತ್ತಿಗೆ ನಮ್ಮ ಮಕ್ಕಳ ಓದಿನಲ್ಲಿ ಒಂದು ದೊಡ್ಡ ಬದಲಾವಣೆ ಆಗುತ್ತದೆ. ಅಲ್ಲಿಯವರೆಗೆ ಅವರು ಓದಲು ಕಲಿಯುತ್ತಾರೆ, ಅಲ್ಲಿಂದ ಮುಂದೆ ಕಲಿಯಲು ಓದಬೇಕು. ಕಥೆ, ಪದ್ಯಗಳ ಜೊತೆಗೆ ವಿಜ್ಞಾನ, ಇತಿಹಾಸ, ಭೂಗೋಳಗಳ ಪಾಠಗಳು ದಪ್ಪವಾಗುತ್ತವೆ. ಇವು ಮಾಹಿತಿ ನೀಡುವ ಬರಹಗಳು. ಇವುಗಳಲ್ಲಿ ರಾಜಕುಮಾರನಿಲ್ಲ, ರಾಕ್ಷಸನಿಲ್ಲ. ಮುಂದೇನಾಯಿತು ಎಂಬ ಕುತೂಹಲ ಮಗುವನ್ನು ಕೈಹಿಡಿದು ನಡೆಸುವುದಿಲ್ಲ. ಆದ್ದರಿಂದ ಇವನ್ನು ಓದುವ ಬಗೆಯನ್ನು ಪ್ರತ್ಯೇಕವಾಗಿ ಕಲಿಸಲೇಬೇಕು.

ನಮ್ಮಲ್ಲಿ ನಡೆಯುವುದೇನು? ಮಗು ಪಾಠವನ್ನು ಗಟ್ಟಿಯಾಗಿ, ತಪ್ಪಿಲ್ಲದೆ ಓದುತ್ತದೆ. ನಾವು ಸಂತೋಷಪಡುತ್ತೇವೆ. ಪ್ರಶ್ನೆಗೆ ಉತ್ತರ ಬರೆಯುವಾಗ ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆ ಎಂದು ಹುಡುಕಿ, ಆ ಸಾಲನ್ನು ಹಾಗೆಯೇ ನಕಲು ಮಾಡುತ್ತದೆ. ಅಂಕವೂ ಸಿಗುತ್ತದೆ. ಆದರೆ ಏನು ತಿಳಿಯಿತು ಎಂದು ಕೇಳಿದರೆ ಮಗು ಸುಮ್ಮನೆ ನಿಲ್ಲುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಈ ಐದು ವಾಕ್ಯಗಳನ್ನು ಗಮನವಿಟ್ಟು ಓದಿರಿ.

"ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸುವ ಕೇಂದ್ರ 1902ರಲ್ಲಿ ಆರಂಭವಾಯಿತು. ಅಲ್ಲಿನ ಜಲಪಾತ ನೋಡಲು ಬಹಳ ಸುಂದರವಾಗಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಯಂತ್ರಗಳನ್ನು ನಡೆಸಲು ಹೆಚ್ಚಿನ ಶಕ್ತಿ ಬೇಕಾಗಿತ್ತು. ಆದ್ದರಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಮೊದಲು ಗಣಿಗಳಿಗೆ ವಿದ್ಯುತ್ ಒದಗಿಸಲಾಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ."

ಇದರ ಮುಖ್ಯ ವಿಚಾರ ಯಾವುದು? ಹೆಚ್ಚಿನ ಮಕ್ಕಳು ಮೊದಲನೆಯ ವಾಕ್ಯವನ್ನೇ ಓದಿ ಹೇಳುತ್ತಾರೆ. ಆದರೆ ಪೂರ್ತಿ ಓದಿದಾಗ ತಿಳಿಯುವುದು ಇನ್ನೊಂದು. ನಮ್ಮ ನಾಡಿನಲ್ಲಿ ಆ ವಿದ್ಯುತ್ತು ಮೊದಲು ಹೋದದ್ದು ಗಣಿಗೆ, ಬೀದಿಗೆ ಬಂದದ್ದು ಆಮೇಲೆ. ಈ ಮಾತು ಯಾವ ಒಂದೇ ವಾಕ್ಯದಲ್ಲೂ ಪೂರ್ತಿಯಾಗಿ ಇಲ್ಲ. ಕೆಲವು ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಅದು ಹೊಳೆಯುತ್ತದೆ. ಆ ವಿವರಗಳೇ ಮುಖ್ಯ ವಿವರಗಳು.

ಅವುಗಳನ್ನು ಗುರುತಿಸುವುದು ಹೇಗೆ? ಒಂದು ಸುಲಭ ಉಪಾಯವಿದೆ. ಒಂದೊಂದೇ ವಾಕ್ಯವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿರಿ. ಜಲಪಾತದ ಸೌಂದರ್ಯದ ವಾಕ್ಯವನ್ನು ಮುಚ್ಚಿದರೆ ಮುಖ್ಯ ವಿಚಾರಕ್ಕೆ ಏನೂ ಕೊರತೆಯಾಗುವುದಿಲ್ಲ. ಗಣಿಗಳ ವಾಕ್ಯವನ್ನು ಮುಚ್ಚಿದರೆ ಅಷ್ಟು ದೂರ ತಂತಿ ಎಳೆದದ್ದು ಏಕೆ ಎಂಬುದೇ ತಿಳಿಯುವುದಿಲ್ಲ. ಹಾಗೆಂದು ಜಲಪಾತದ ವಾಕ್ಯ ಸುಳ್ಳಲ್ಲ. ಪ್ರವಾಸಿ ತಾಣಗಳ ಬಗ್ಗೆ ಬರೆಯುವವನಿಗೆ ಅದೇ ಮುಖ್ಯವಾಗುತ್ತದೆ. ವಿವರ ಮುಖ್ಯವೋ ಅಲ್ಲವೋ ಎಂಬುದು ನಾವು ಯಾವ ಪ್ರಶ್ನೆ ಹಿಡಿದು ಓದುತ್ತಿದ್ದೇವೆ ಎಂಬುದನ್ನು ಅವಲಂಬಿಸಿದೆ.

ಎರಡನೆಯದಾಗಿ, ಲೇಖಕ ವಿಚಾರವನ್ನು ಹೇಗೆ ಬೆಳೆಸಿದ್ದಾನೆ ಎಂದು ನೋಡಬೇಕು. ಮೊದಲ ವಾಕ್ಯ ವಿಷಯವನ್ನು ಪರಿಚಯಿಸುತ್ತದೆ. ಮೂರನೆಯದು ಕಾರಣ ಕೊಡುತ್ತದೆ. ನಾಲ್ಕನೆಯದು ಅಂಕಿಯೊಂದಿಗೆ ಪರಿಣಾಮವನ್ನು ತಿಳಿಸುತ್ತದೆ. ಕೊನೆಯದು ಹೋಲಿಕೆಗೆ ಎಡೆ ಮಾಡುತ್ತದೆ. ಇದಕ್ಕೆ ಸುಳಿವು ಕೊಡುವ ಸಣ್ಣ ಪದಗಳಿವೆ: ಆದ್ದರಿಂದ, ಏಕೆಂದರೆ, ಆದರೆ, ಮೊದಲು, ಅನಂತರ. ಮಕ್ಕಳು ಕಠಿಣ ಪದಗಳಿಗೆ ಗೆರೆ ಎಳೆಯುತ್ತಾರೆ, ಈ ಸಣ್ಣ ಪದಗಳನ್ನು ಬಿಟ್ಟುಬಿಡುತ್ತಾರೆ. ವಾಸ್ತವವಾಗಿ ಅರ್ಥವನ್ನು ಹೊಲಿಯುವ ದಾರ ಇವೇ.

ಮೂರನೆಯದಾಗಿ, ಬರಹ ಹೇಳದೇ ಇರುವುದನ್ನು ಅದರ ಬಾಯಿಗೆ ತುರುಕಬಾರದು. "1905ರಲ್ಲಿ ಬೆಂಗಳೂರಿನ ಎಲ್ಲ ಮನೆಗಳಿಗೂ ವಿದ್ಯುತ್ ಬಂತು" ಎಂದು ಒಬ್ಬ ಹುಡುಗ ಹೇಳಿದರೆ, ಶಿಕ್ಷಕರು ತಪ್ಪು ಎಂದು ಕೂಡಿಸಬೇಕಾಗಿಲ್ಲ. "ಯಾವ ವಾಕ್ಯದಲ್ಲಿದೆ, ತೋರಿಸು" ಎಂದರೆ ಸಾಕು. ಬರಹದಲ್ಲಿರುವುದು ಬೀದಿ ಎಂಬ ಪದ, ಮನೆಯಲ್ಲ. ತನ್ನ ತಪ್ಪನ್ನು ತಾನೇ ಕಂಡುಕೊಂಡ ಮಗು ಅದನ್ನು ಮರೆಯುವುದಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯ ಮಾತು ಉರ್ದು, ಬ್ಯಾರಿ ಅಥವಾ ನವಾಯತಿ, ಪುಸ್ತಕದ ಮಾತು ಕನ್ನಡ. ಅರ್ಥವಾಗಿದ್ದರೂ ಹೇಳಲು ಪದ ಸಿಗದೆ ಮಗು ಮೌನವಾಗುತ್ತದೆ. ಆಗ ದಡ್ಡ ಎಂಬ ಹಣೆಪಟ್ಟಿ ಹಚ್ಚಬೇಡಿರಿ. ಮೊದಲು ಮನೆಯ ಮಾತಿನಲ್ಲೇ ಹೇಳಲಿ, ಅನಂತರ ಅದನ್ನು ಎರಡು ಸಾಲು ಕನ್ನಡದಲ್ಲಿ ಬರೆಯಲಿ. ಹೀಗೆ ಬರೆದ ಎರಡು ಸಾಲು, ನಕಲು ಮಾಡಿದ ಎರಡು ಪುಟಗಳಿಗಿಂತ ಮೇಲು.

ಇದೆಲ್ಲ ಪರೀಕ್ಷೆಗಾಗಿ ಎಂದು ತಿಳಿಯಬೇಡಿರಿ. ಭೇದಿಯಾದ ಮಗುವಿಗೆ ಕೊಡುವ ಓ.ಆರ್.ಎಸ್. ಪುಡಿಯ ಪೊಟ್ಟಣವನ್ನೇ ನೋಡಿರಿ. ಅಂಗಡಿಯಲ್ಲಿ 1 ಲೀಟರ್ ನೀರಿಗೆ ಬೆರೆಸುವ ದೊಡ್ಡ ಪೊಟ್ಟಣವೂ ಸಿಗುತ್ತದೆ, 200 ಮಿಲಿಲೀಟರಿಗೆ ಬೆರೆಸುವ ಚಿಕ್ಕದೂ ಸಿಗುತ್ತದೆ. ದೊಡ್ಡದನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪಿನಂಶ ವಿಪರೀತವಾಗಿ ಮಗುವಿಗೆ ಅಪಾಯ. ಕಲಸಿದ ನೀರನ್ನು 24 ಗಂಟೆಗಳ ಒಳಗೆ ಬಳಸಬೇಕು. ಪೊಟ್ಟಣದ ಮೇಲೆ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ಪ್ರಾಣ ಕಾಯುವ ಅಂಕಿ ಸಣ್ಣ ಅಕ್ಷರದಲ್ಲಿರುತ್ತದೆ. ಮನೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಓದಿ ಅಮ್ಮನಿಗೆ ತಿಳಿಸಬಲ್ಲಳಾದರೆ, ಆ ಮನೆಗೆ ಶಾಲೆಯಿಂದ ನಿಜವಾದ ಲಾಭವಾಯಿತು.

ಪೋಷಕರೇ, ದಿನಕ್ಕೆ ಹತ್ತು ನಿಮಿಷ ಕೊಡಿರಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ. ಪತ್ರಿಕೆಯ ಒಂದು ಸುದ್ದಿಯನ್ನೋ ಕರೆಂಟ್ ಬಿಲ್ಲನ್ನೋ ಮಗುವಿನ ಕೈಗೆ ಕೊಟ್ಟು ಮೂರು ಪ್ರಶ್ನೆ ಕೇಳಿರಿ: ಇದು ಏನು ಹೇಳುತ್ತದೆ? ಎಲ್ಲಿ ಹೇಳುತ್ತದೆ? ಅದರಿಂದ ನಮಗೇನು?

ಸಂಘದ ಸದಸ್ಯರಲ್ಲಿ ನನ್ನದೊಂದು ಕೋರಿಕೆ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಮಕ್ಕಳ ಪರವಾಗಿ ಹಿರಿಯರೇ ತುಂಬಿಕೊಡುವುದು ಉಪಕಾರವೇ ಸರಿ. ಆದರೆ ಪ್ರಕಟಣೆಯನ್ನು ಮೊದಲು ಮಕ್ಕಳ ಮುಂದಿಡಿರಿ. ಯಾರು ಅರ್ಹರು, ಯಾವ ದಾಖಲೆ ಬೇಕು, ಕೊನೆಯ ದಿನಾಂಕ ಯಾವುದು ಎಂದು ಅವರೇ ಹುಡುಕಿ ಬರೆಯಲಿ. ತಪ್ಪಿದರೆ ಪಕ್ಕದಲ್ಲಿ ಕುಳಿತು ತಿದ್ದಿರಿ. ತುಂಬಿಕೊಟ್ಟ ಅರ್ಜಿ ಒಂದು ವರ್ಷಕ್ಕೆ ಆದೀತು, ಓದಿ ತಿಳಿಯುವ ಶಕ್ತಿ ಅವರ ಬಾಳಿಗೆ ಆಗುತ್ತದೆ.

ವಿದ್ಯಾರ್ಥಿಗಳೇ, ನಾಳೆ ಯಾವ ಪಾಠ ಓದಿದರೂ ಪುಸ್ತಕ ಮುಚ್ಚುವ ಮೊದಲು ಅದರ ಮುಖ್ಯ ವಿಚಾರವನ್ನು ನಿಮ್ಮ ಮಾತಿನಲ್ಲಿ ಒಂದು ವಾಕ್ಯ ಬರೆಯಿರಿ. ಅದಕ್ಕೆ ಆಧಾರವಾದ ಮೂರು ವಿವರಗಳನ್ನು ಕೆಳಗೆ ಬರೆಯಿರಿ. ಬರೆಯಲು ಆಗದಿದ್ದರೆ ಬೇಸರಪಡದೆ ಇನ್ನೊಮ್ಮೆ ಓದಿರಿ.