ಪದವಿಯೋ, ಸಹಿಯ ಹಕ್ಕೋ

ಪಿಯುಸಿ ಫಲಿತಾಂಶ ಬಂದ ಕೂಡಲೇ ವಾಣಿಜ್ಯ ವಿಭಾಗದ ಮಕ್ಕಳಿರುವ ಮನೆಗಳಲ್ಲಿ ಚರ್ಚೆ ಶುರುವಾಗುತ್ತದೆ. ಬಿ.ಕಾಂ. ಮುಗಿಸಿ ಎಂಬಿಎಗೆ ಹೋಗುವುದೋ, ಈಗಲೇ ಸಿಎಗೆ ಹೆಸರು ನೋಂದಾಯಿಸುವುದೋ? ಯಾವುದಕ್ಕೆ ಸಂಬಳ ಹೆಚ್ಚು, ಯಾವುದಕ್ಕೆ ಮರ್ಯಾದೆ ಹೆಚ್ಚು ಎಂಬ ಹೋಲಿಕೆಯಲ್ಲೇ ಮಾತು ಮುಗಿದುಹೋಗುತ್ತದೆ. ಆದರೆ ಈ ಎರಡು ದಾರಿಗಳು ಹುಟ್ಟಿದ ಚರಿತ್ರೆಯನ್ನು ನೋಡಿದರೆ, ಅವು ಒಂದೇ ಕೆಲಸಕ್ಕಾಗಿ ಪೈಪೋಟಿಗಿಳಿದವಲ್ಲ ಎಂಬುದು ಕಾಣುತ್ತದೆ. ವಿದ್ಯಾರ್ಥಿಗೆ ವ್ಯವಹಾರದ ತಿಳಿವಳಿಕೆ ಕೊಡಲು ಪದವಿ ಬಂತು. ಪರರ ಹಣದ ಲೆಕ್ಕಕ್ಕೆ ಸಹಿ ಹಾಕಿ ಜವಾಬ್ದಾರಿ ಹೊರುವವರು ಯಾರು ಎಂದು ಗುರುತಿಸಲು ವೃತ್ತಿ ಪ್ರಮಾಣಪತ್ರ ಬಂತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಆಯ್ಕೆ ಮಾಡಬೇಕು ಎಂಬುದು ನನ್ನ ವಾದ.

ಮೊದಲು ವೃತ್ತಿ ಪ್ರಮಾಣಪತ್ರದ ಎಳೆ ನೋಡೋಣ. ಸ್ಕಾಟ್ಲೆಂಡಿನಲ್ಲಿ ದಿವಾಳಿ ಪ್ರಕರಣಗಳ ಲೆಕ್ಕಪತ್ರದ ಕೆಲಸವನ್ನು ನ್ಯಾಯಾಲಯಗಳು ಅಕೌಂಟೆಂಟರಿಗೆ ಒಪ್ಪಿಸುತ್ತಿದ್ದವು. ಅಲ್ಲಿನ ಎಡಿನ್‌ಬರೋದ ಅಕೌಂಟೆಂಟರ ಸಂಘಕ್ಕೆ 1854ರಲ್ಲಿ ರಾಜಸನ್ನದು, ಅಂದರೆ ಚಾರ್ಟರ್, ಸಿಕ್ಕಿತು. ಇನ್ನು ಪದವಿಯ ಎಳೆ: ಅಮೆರಿಕದ ವಾರ್ಟನ್ ವಾಣಿಜ್ಯ ಶಾಲೆ ಶುರುವಾದದ್ದು 1881ರಲ್ಲಿ, ಹಾರ್ವರ್ಡ್‌ನ ಬಿಸಿನೆಸ್ ಸ್ಕೂಲ್ 1908ರಲ್ಲಿ. ನಮ್ಮ ದೇಶದಲ್ಲಿ ಎರಡು ಎಳೆಗಳೂ ಒಂದೇ ವರ್ಷದಲ್ಲಿ ಕಾಣಿಸಿಕೊಂಡವು. 1913ರಲ್ಲಿ ಮುಂಬಯಿಯಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು ಬಾಗಿಲು ತೆರೆಯಿತು. ಅದೇ ವರ್ಷದ ಕಂಪನಿ ಕಾಯ್ದೆಯು, ಕಂಪನಿಗಳ ಲೆಕ್ಕ ತಪಾಸಣೆ ಮಾಡುವವರಿಗೆ ಸರ್ಕಾರದ ಪ್ರಮಾಣಪತ್ರ ಇರಬೇಕೆಂದು ವಿಧಿಸಿತು. ಕಾಲೇಜು ಪಾಠ ಹೇಳಿತು, ಕಾಯ್ದೆ ಅಧಿಕಾರ ಕೊಟ್ಟಿತು. 1918ರಲ್ಲಿ ಮುಂಬಯಿ ಸರ್ಕಾರ ಲೆಕ್ಕಶಾಸ್ತ್ರದ ಡಿಪ್ಲೊಮಾ, ಅಂದರೆ ಜಿಡಿಎ, ಆರಂಭಿಸಿದಾಗ ಪರೀಕ್ಷೆಯ ಜೊತೆಗೆ ಅನುಭವಸ್ಥ ಅಕೌಂಟೆಂಟರ ಕೈಕೆಳಗೆ ಆರ್ಟಿಕಲ್‌ಶಿಪ್ ಎಂಬ ತರಬೇತಿ ಕೂಡ ಇತ್ತು. ಪುಸ್ತಕ ಓದಿದ ಮಾತ್ರಕ್ಕೆ ಇನ್ನೊಬ್ಬರ ಬ್ಯಾಲೆನ್ಸ್ ಶೀಟಿನ ಕೆಳಗೆ ಸಹಿ ಹಾಕುವಂತಿರಲಿಲ್ಲ.

ಆ ಸಹಿಗೆ ಎಷ್ಟು ಬೆಲೆಯಿತ್ತು ಎಂಬುದನ್ನು ಮದರಾಸಿನ ಆರ್. ಶಿವಭೋಗಂ ಅವರ ಬದುಕು ತೋರಿಸುತ್ತದೆ. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಗೆ ಹೋದ ಅವರು 1933ರಲ್ಲಿ ಜಿಡಿಎ ಪಡೆದರು. ದೇಶದ ಮೊದಲ ಮಹಿಳಾ ಅಕೌಂಟೆಂಟ್ ಎಂದು ಇಂದು ಅವರನ್ನು ನೆನೆಯುತ್ತೇವೆ. ಜೈಲಿಗೆ ಹೋದವರು ಅಕೌಂಟೆಂಟರಾಗಿ ನೋಂದಾಯಿಸಿಕೊಳ್ಳುವಂತಿಲ್ಲ ಎಂಬ ನಿಯಮ ಆಗ ಇತ್ತು. ಪರೀಕ್ಷೆ ಪಾಸಾದ ಮೇಲೂ ಅವರು ನ್ಯಾಯಾಲಯದಲ್ಲಿ ಹೋರಾಡಿ ಗೆದ್ದೇ ವೃತ್ತಿಗಿಳಿಯಬೇಕಾಯಿತು. ವಿದ್ಯೆ ಅವರ ಕೈಯಲ್ಲೇ ಇತ್ತು, ತಡೆದು ನಿಲ್ಲಿಸಿದ್ದು ನೋಂದಣಿ. ಸರ್ಕಾರದ ಕೈಯಲ್ಲಿದ್ದ ಆ ನೋಂದಣಿ ವೃತ್ತಿಯವರ ಕೈಗೇ ಬಂದದ್ದು 1949ರ ಜುಲೈ 1ರಂದು, ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಜಾರಿಯಾದಾಗ. ಸಂವಿಧಾನ ಜಾರಿಗೆ ಬರುವುದಕ್ಕೂ ಮೊದಲೇ ನಾವು ಮಾಡಿಕೊಂಡ ಏರ್ಪಾಡು ಇದು.

ಎಲ್ಲ ಪ್ರಮಾಣಪತ್ರಕ್ಕೂ ಇಂಥ ಕಾನೂನಿನ ಬಲವಿಲ್ಲ ಎಂಬುದನ್ನೂ ಹೇಳಲೇಬೇಕು. ಕೆನರಾ, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳನ್ನು ಹೆತ್ತ ನಮ್ಮ ಕರಾವಳಿಯ ಮನೆಗಳಿಗೆ ಸಿಎಐಐಬಿ ಎಂಬ ಹೆಸರು ಹೊಸದಲ್ಲ. 1928ರಲ್ಲಿ ಸ್ಥಾಪನೆಯಾದ ಬ್ಯಾಂಕರುಗಳ ಸಂಸ್ಥೆ ನಡೆಸುವ ಈ ಪರೀಕ್ಷೆಯನ್ನು ಕೆಲಸದಲ್ಲಿದ್ದುಕೊಂಡೇ ಬರೆಯುತ್ತಾರೆ, ಪಾಸಾದರೆ ಇನ್‌ಕ್ರಿಮೆಂಟ್ ಸಿಗುತ್ತದೆ. ಆದರೆ ಅದರ ಬಲ ಬ್ಯಾಂಕಿನೊಳಗಿನದು. 1963ರಲ್ಲಿ ಅಮೆರಿಕದಲ್ಲಿ ಮೊದಲ ಪರೀಕ್ಷೆ ನಡೆದ, ಹೂಡಿಕೆ ವಿಶ್ಲೇಷಕರ ಸಿಎಫ್‌ಎ ಪ್ರಮಾಣಪತ್ರ ಕೂಡ ನಮ್ಮಲ್ಲಿ ಯಾವ ಸಹಿಯ ಹಕ್ಕನ್ನೂ ಕೊಡುವುದಿಲ್ಲ. ಹೂಡಿಕೆ ಸಂಸ್ಥೆಗಳು ಅದರ ಪಠ್ಯವನ್ನು ನಂಬುತ್ತವೆ, ಅದೇ ಅದರ ಬೆಲೆ. ಹಾಗಾಗಿ ಹೊಸದೊಂದು ಸರ್ಟಿಫಿಕೇಟಿನ ಜಾಹೀರಾತು ಕಂಡಾಗ ಮೊದಲು ಕೇಳಬೇಕಾದ್ದು ಒಂದೇ: ಇದನ್ನು ಕೇಳುವವರು ಯಾರು, ಕಾನೂನೋ, ಉದ್ಯೋಗದಾತರೋ, ಕೋಚಿಂಗ್ ಸೆಂಟರೋ? ಕೋಚಿಂಗ್ ಸೆಂಟರ್ ಮಾತ್ರ ಎಂದಾದರೆ ಹಣ ಕಟ್ಟಬೇಡಿ.

ಪ್ರಮಾಣಪತ್ರ ಪ್ರಾಮಾಣಿಕತೆಯನ್ನು ಕೊಡುತ್ತದೆಯೇ ಎಂದು ಕೇಳುವವರಿದ್ದಾರೆ. 2009ರಲ್ಲಿ ಸತ್ಯಂ ಕಂಪನಿಯ ಸುಳ್ಳು ಲೆಕ್ಕ ಬಯಲಾದಾಗ ಅದಕ್ಕೆ ಸಹಿ ಹಾಕಿದ್ದವರೂ ಚಾರ್ಟರ್ಡ್ ಅಕೌಂಟೆಂಟರೇ. ಆಕ್ಷೇಪ ನ್ಯಾಯವಾದದ್ದು. ಪರೀಕ್ಷೆ ಗುಣವನ್ನು ಅಳೆಯುವುದಿಲ್ಲ. ಆದರೂ ತಪ್ಪು ಮಾಡಿದ ಸಿಎಯ ಹೆಸರನ್ನು ಅವರ ವೃತ್ತಿ ಸಂಸ್ಥೆಯ ಪಟ್ಟಿಯಿಂದ ತೆಗೆಯಬಹುದು, ಆಮೇಲೆ ಅವರ ಸಹಿಗೆ ಬೆಲೆಯಿಲ್ಲ. ವೃತ್ತಿಯವರು ತಮ್ಮನ್ನು ತಾವೇ ವಿಚಾರಿಸಿಕೊಂಡರೆ ಸಾಲದು ಎಂಬ ತಿಳಿವಳಿಕೆಯಿಂದ, ದೊಡ್ಡ ಕಂಪನಿಗಳ ಲೆಕ್ಕಪರಿಶೋಧಕರ ಮೇಲೆ ಕಣ್ಣಿಡಲು 2018ರಲ್ಲಿ ಪ್ರತ್ಯೇಕ ಪ್ರಾಧಿಕಾರವೂ ಬಂತು. ವೃತ್ತಿಯಲ್ಲಿ ದ್ರೋಹ ಬಗೆದರೆಂದು ಯಾರ ಎಂಬಿಎಯನ್ನೂ ಹೀಗೆ ಕಿತ್ತುಕೊಳ್ಳುವ ಏರ್ಪಾಡಿಲ್ಲ. ಹಾಗೆಂದು ಎಂಬಿಎ ಕಡಿಮೆಯದು ಎನ್ನುವಂತಿಲ್ಲ. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದ್‌ನಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಐಐಎಂಗಳನ್ನು ಕಟ್ಟಿದ್ದು ಸಂಸ್ಥೆಗಳನ್ನು ನಡೆಸುವವರಿಗಾಗಿ. ಬಂಡವಾಳ ಎಲ್ಲಿಂದ ತರಬೇಕು, ಯಾವ ಕಾರ್ಖಾನೆ ಮುಚ್ಚಬೇಕು ಎಂದು ತೀರ್ಮಾನಿಸುವವರಿಗೆ ಲೆಕ್ಕದ ಜೊತೆಗೆ ಮಾರುಕಟ್ಟೆ, ಮನುಷ್ಯ ಎರಡೂ ತಿಳಿದಿರಬೇಕು.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಸಿಎ ಫೈನಲ್‌ನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡವರ ಗತಿಯೇನು? ಕೈಯಲ್ಲಿ ಪದವಿಯೂ ಇಲ್ಲದಿದ್ದರೆ ಆ ವರ್ಷಗಳನ್ನು ತೋರಿಸಲು ಒಂದು ಕಾಗದವೂ ಉಳಿಯುವುದಿಲ್ಲ, ಬ್ಯಾಂಕಿನ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಲೂ ಪದವಿ ಬೇಕು. ಅದಕ್ಕಾಗಿಯೇ ಸಾಧಾರಣ ಮನೆಯ ಮಕ್ಕಳು ಪದವಿಯನ್ನು ಬಿಟ್ಟು ಸಿಎ ಒಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ತಾಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಓದುವ ಹುಡುಗಿಗೆ ಶೇಕಡಾ 55 ಅಂಕ ಬಂದರೆ ಸಿಎ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಈ ಮಾತನ್ನು ಪದವಿಯ ಮೊದಲ ವರ್ಷದಲ್ಲೇ ಮೇಷ್ಟ್ರುಗಳು ತರಗತಿಯಲ್ಲಿ ಹೇಳಬೇಕು. ಆಗ ಆಕೆ ಆ ಅಂಕವನ್ನು ಗುರಿಯಾಗಿಟ್ಟುಕೊಂಡು ಓದುತ್ತಾಳೆ, ಸಿಎ ಬೇಡವೆನಿಸಿದರೂ ಪದವಿ ಕೈಯಲ್ಲಿರುತ್ತದೆ.