ಕೇಂದ್ರಸರಕಾರದ ಖರೀದಿಯೂ ನಮ್ಮ ಸಣ್ಣ ಕಾರಖಾನೆಗಳೂ
(ಹುಬ್ಬಳ್ಳಿಯಲ್ಲಿ ಸಣ್ಣ ಕಾರಖಾನೆದಾರರೂ ಶಿಕ್ಷಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಎರಕದ ಒಂದು ಚಿಕ್ಕ ಕಾರಖಾನೆಯನ್ನು ಅನೇಕ ವರ್ಷ ನಡೆಸಿ, ಗಳಿಸಿದ್ದಕ್ಕಿಂತ ಹೆಚ್ಚಾಗಿ ಕಲಿತವನು. ಆದುದರಿಂದ ಅಲಂಕಾರದ ಮಾತುಗಳನ್ನು ಬಿಟ್ಟು, ಅನುಭವಕ್ಕೆ ಬಂದುದನ್ನಷ್ಟೇ ತಮ್ಮ ಮುಂದೆ ಅರಿಕೆ ಮಾಡುತ್ತೇನೆ.

ಕೇಂದ್ರಸರಕಾರವು ನಮ್ಮ ನಾಡಿನಲ್ಲಿ ಎಂಥ ದೊಡ್ಡ ಗಿರಾಕಿಯೆಂಬದನ್ನು ನಾವು ಯೋಚಿಸಿಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ವಿಮಾನದ ಕಾರಖಾನೆ ಎಚ್.ಎ.ಎಲ್., 1954ರ ಬಿ.ಇ.ಎಲ್., 1964ರ ಬಿ.ಇ.ಎಂ.ಎಲ್.; ಯಲಹಂಕದಲ್ಲಿ ರೈಲುಗಾಲಿಗಳ ಕಾರಖಾನೆ; ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ; ಕಾರವಾರದಲ್ಲಿ ನೌಕಾನೆಲೆ; ಇದೇ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಮತ್ತು ದುರಸ್ತಿಯ ಕಾರ್ಯಾಗಾರ. ಇವೆಲ್ಲವೂ ಬೋಲ್ಟು ನಟ್ಟುಗಳಿಂದ ಮೊದಲುಮಾಡಿ ಮೇಜು, ಸಮವಸ್ತ್ರ, ಮುದ್ರಣದ ಕೆಲಸದವರೆಗೆ ದಿನಾಲು ಏನನ್ನಾದರೂ ಕೊಳ್ಳುತ್ತಲೇ ಇವೆ. ಹೀಗಿರಲು ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆಯುವ ಸ್ಥಿತಿ ನಮ್ಮದಾಗಬಾರದು.

ಆದರೆ ಒಂದು ಭ್ರಮೆಯನ್ನು ಮೊದಲೇ ಕಳೆದುಕೊಳ್ಳಬೇಕು. ಕರ್ನಾಟಕದಲ್ಲಿ ಕೇಂದ್ರವು ಕೊಳ್ಳುವದನ್ನು ಕರ್ನಾಟಕದವರಿಂದಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಹುಬ್ಬಳ್ಳಿಯ ಕಾರ್ಯಾಗಾರದ ಟೆಂಡರಿಗೆ ಲುಧಿಯಾನಾದವನೂ ಬರೆಯುತ್ತಾನೆ, ರಾಜಕೋಟದವನೂ ಬರೆಯುತ್ತಾನೆ. ನೆರೆಮನೆಯವರೆಂಬ ಮಾತ್ರಕ್ಕೆ ನಮಗೆ ಮಣೆ ಹಾಕುವವರಿಲ್ಲ. ನಮಗಿರುವ ಅನುಕೂಲವು ಬೇರೆ. ಅದು ಸಣ್ಣವರೆಲ್ಲರಿಗೂ ಕಾಯಿದೆಯು ಕೊಟ್ಟ ಅನುಕೂಲ.

2006ರ ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ಯಮಗಳ ಕಾಯಿದೆಯ ಆಧಾರದಿಂದ 2012ರಲ್ಲಿ ಒಂದು ಖರೀದಿ ನೀತಿಯು ಹೊರಟಿತು. ಕೇಂದ್ರದ ಇಲಾಖೆಗಳೂ ಉದ್ಯಮಗಳೂ ವರ್ಷದ ಖರೀದಿಯಲ್ಲಿ ನೂರಕ್ಕೆ 20 ಪಾಲನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಪಡೆಯತಕ್ಕದ್ದೆಂದು ಅದರಲ್ಲಿತ್ತು. 2018ರಲ್ಲಿ ಅದನ್ನು 25ಕ್ಕೆ ಏರಿಸಿದರು. ಇದರೊಳಗೆ 4 ಪಾಲು ಪರಿಶಿಷ್ಟ ಜಾತಿ ಮತ್ತು ಪಂಗಡದವರ, 3 ಪಾಲು ಸ್ತ್ರೀಯರ ಉದ್ಯಮಗಳಿಗೆ ಮೀಸಲು. 358 ಬಗೆಯ ಸರಕುಗಳನ್ನಂತೂ ಈ ವರ್ಗದವರಿಂದಲೇ ಕೊಳ್ಳಬೇಕು. ಟೆಂಡರಿನ ಕಾಗದಕ್ಕೆ ಶುಲ್ಕವಿಲ್ಲ, ಬಯಾನಾ ಠೇವಣಿಯಿಲ್ಲ. ಗೆದ್ದ ಮೇಲೆ ಕೇಳುವ ಜಾಮೀನು ಹಣಕ್ಕೆ ಮಾತ್ರ ಈ ವಿನಾಯಿತಿಯನ್ನು ನೆಚ್ಚಬೇಡಿರಿ.

ದರದ ವಿಷಯವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ದೊಡ್ಡ ಕಂಪನಿಯೊಂದು 100 ರೂಪಾಯಿಗೆ ಎಲ್ಲರಿಗಿಂತ ಕಡಿಮೆ ದರ ಬರೆದಿದೆಯೆನ್ನೋಣ. ಸಣ್ಣವನು 115ರವರೆಗೆ ಬರೆದಿದ್ದರೂ ಅವನನ್ನು ಕರೆದು, 100ಕ್ಕೆ ಕೊಡುವೆಯಾ ಎಂದು ಕೇಳಬೇಕು. ಒಪ್ಪಿದರೆ ಪೂರೈಕೆಯ ಕಾಲುಪಾಲಾದರೂ ಅವನಿಗೆ ದೊರೆಯುವದು. ಇಲ್ಲಿಯೇ ಎಚ್ಚರವಿರಬೇಕು. 100 ಎಂಬದು ನಿಮ್ಮ ಕಚ್ಚಾ ಮಾಲು, ಕೂಲಿ, ವಿದ್ಯುತ್ತು, ಬಡ್ಡಿ ಇವುಗಳ ಖರ್ಚಿಗೂ ಸಾಲದಿದ್ದರೆ ಕೈಮುಗಿದು ಹಿಂದಿರುಗುವದೇ ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಟೆಂಡರಿಗೂ ಸಲ್ಲುತ್ತದೆ.

ಈ ಅನುಕೂಲವು ಯಾರಿಗೆ? ‘ಉದ್ಯಮ್’ ನೋಂದಣಿ ಮಾಡಿಸಿದವನಿಗೆ. 2020ರ ಜುಲೈದಿಂದ ನಡೆದಿರುವ ಈ ನೋಂದಣಿಗೆ ಒಂದು ಕಾಸೂ ಬೇಡ. ಹಣ ಕೇಳುವ ದಲ್ಲಾಳಿಯಿಂದ ದೂರವಿರಿ. 2025ರ ಎಪ್ರಿಲ್‌ದಿಂದ ಬಂದ ಲೆಕ್ಕದಂತೆ, ಯಂತ್ರಾದಿಗಳ ಮೇಲೆ 25 ಕೋಟಿಯೊಳಗೆ ಬಂಡವಾಳವೂ 100 ಕೋಟಿಯೊಳಗೆ ವಾರ್ಷಿಕ ವಹಿವಾಟೂ ಇದ್ದವನು ಸಣ್ಣ ಉದ್ಯಮಿ. ಬರೇ ಕೊಂಡು ಮಾರುವ ವರ್ತಕನಿಗೆ ಈ ಖರೀದಿ ನೀತಿಯ ಲಾಭವಿಲ್ಲ. ಸ್ವತಃ ತಯಾರಿಸುವವನಿಗೆ, ಸೇವೆ ಸಲ್ಲಿಸುವವನಿಗೆ ಉಂಟು.

ಇನ್ನು ಟೆಂಡರನ್ನು ಎಲ್ಲಿ ನೋಡಬೇಕು? 2016ರಲ್ಲಿ ತೆರೆದ ಸರಕಾರಿ ಇ-ಮಾರುಕಟ್ಟೆ, ಜನರ ಬಾಯಲ್ಲಿ ‘ಜೆಮ್’, ಮುಖ್ಯವಾದುದು. ಅಲ್ಲಿ ದೊರೆಯುವ ಸರಕನ್ನು ಇಲಾಖೆಗಳು ಅಲ್ಲಿಯೇ ಕೊಳ್ಳತಕ್ಕದ್ದು. ರೈಲ್ವೆಗೆ ಐ.ಆರ್.ಇ.ಪಿ.ಎಸ್. ಎಂಬ ಸ್ವಂತ ತಾಣವಿದೆ. ಆದರೆ ಗಾಡಿಯ ಸುರಕ್ಷತೆಗೆ ಸಂಬಂಧಿಸಿದ ಭಾಗಗಳಿಗೆ ಲಖನೌದ ಆರ್.ಡಿ.ಎಸ್.ಓ.ದಂಥ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕಾಗುತ್ತದೆ. ಟೆಂಡರು ಹೊರಟ ಮೇಲೆ ಒಪ್ಪಿಗೆಗೆ ಓಡುವದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ಗುಣಮಟ್ಟದ ವಿಷಯದಲ್ಲಿ ನಮಗೆ ದೂರದ ಗುರುಗಳು ಬೇಡ. ಇದೇ ಊರಿನ ಬೆಂಗೇರಿಗೆ ಹೋಗಿ ನೋಡಿರಿ. 1957ರಲ್ಲಿ ಸ್ಥಾಪನೆಯಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ, ಹೆಚ್ಚಾಗಿ ಸ್ತ್ರೀಯರ ಕೈಯಿಂದ, ರಾಷ್ಟ್ರಧ್ವಜವು ಸಿದ್ಧವಾಗುತ್ತದೆ. ಭಾರತೀಯ ಮಾನಕಗಳಲ್ಲಿ ಮೊದಲನೆಯ ಅಂಕೆ, ಐ.ಎಸ್. 1, ಧ್ವಜದ್ದೇ. ನೂಲು, ಬಣ್ಣ, ಅಳತೆ, ಹೊಲಿಗೆ, ಚಕ್ರದ ಸ್ಥಾನ ಇವುಗಳಲ್ಲಿ ಒಂದು ತಪ್ಪಿದರೂ ಧ್ವಜವನ್ನು ತೆಗೆದುಹಾಕುತ್ತಾರೆ. ಆ ಕಟ್ಟುನಿಟ್ಟಿನಿಂದಲೇ ದೇಶದ ಕಚೇರಿಗಳ ಮೇಲೆ ನಮ್ಮ ಊರಿನ ಧ್ವಜವು ಹಾರಿತು. ಆದರೆ 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟಾಗ ಅದೇ ಸಂಘದವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಒಂದು ಗೆರೆಯ ಆದೇಶದಿಂದ ಬೇಡಿಕೆಯು ತಿರುಗಬಲ್ಲದು. ಸರಕಾರವು ನಿಮ್ಮ ಗಿರಾಕಿಯಾಗಲಿ, ಏಕಮಾತ್ರ ಗಿರಾಕಿಯಾಗದಿರಲಿ.

ಈಗ ಮನಸ್ಸಿಗೆ ನೋವಾಗುವ ಮಾತು: ಹಣ ಬರುವದು ಯಾವಾಗ? ಒಮ್ಮೆ ನಾನು ಒಂದು ದೊಡ್ಡ ಕಾರಖಾನೆಗೆ ಎರಕದ ಭಾಗಗಳನ್ನು ಕಳಿಸಿ ಒಂಬತ್ತು ತಿಂಗಳು ದಾರಿ ಕಾಯ್ದೆನು. ಬ್ಯಾಂಕಿನ ಬಡ್ಡಿ ಬೆಳೆಯಿತು. ದೀಪಾವಳಿಗೆ ಕೂಲಿಯವರ ಮುಖ ನೋಡಲಾರದೆ ಮನೆಯ ಬಂಗಾರವನ್ನು ಒತ್ತೆಯಿಟ್ಟೆನು. ತಪ್ಪು ಅವರದಷ್ಟೇ ಅಲ್ಲ, ನನ್ನದೂ ಇತ್ತು: ನಾನು ನೋಂದಣಿ ಮಾಡಿಸಿರಲಿಲ್ಲ, ಮಾಲು ಒಪ್ಪಿಕೊಂಡ ಬಗ್ಗೆ ಸಹಿಯ ಕಾಗದವನ್ನೂ ಪಡೆದಿರಲಿಲ್ಲ.

ಕಾಯಿದೆಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾಲನ್ನು ಒಪ್ಪಿಕೊಂಡ ಮೇಲೆ, ಕರಾರಿನಲ್ಲಿ ಏನೇ ಬರೆದಿರಲಿ, 45 ದಿವಸ ಮೀರಕೂಡದು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ತೆರಬೇಕು. ಕೊಡದಿದ್ದರೆ ದೂರು ದಾಖಲಿಸಿ, ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ನ್ಯಾಯ ಕೇಳಬಹುದು. ‘ಟ್ರೆಡ್ಸ್’ ಏರ್ಪಾಡಿನಲ್ಲಿ, ಕೊಂಡವರು ಒಪ್ಪಿದ ಬಿಲ್ಲಿನ ಮೇಲೆ ಬ್ಯಾಂಕಿನಿಂದ ಮುಂಚಿತವಾಗಿ ಹಣ ಪಡೆಯಲೂ ಬರುತ್ತದೆ. ಮುಂದಿನ ಟೆಂಡರು ತಪ್ಪೀತೆಂಬ ಹೆದರಿಕೆಯಿಂದ ನಮ್ಮವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಆ ಹೆದರಿಕೆಯು ಸುಳ್ಳೆಂದು ನಾನು ಹೇಳಲಾರೆ. ಒಬ್ಬನೇ ಕೇಳಿದರೆ ಅದು ಗೊಣಗಾಟ, ಸಂಘವು ಕೇಳಿದರೆ ಹಕ್ಕು. ಆದುದರಿಂದ ಸಂಘದ ಮೂಲಕ ಕೇಳಿರಿ.

ಗುರುವರ್ಯರಲ್ಲಿ ನನ್ನದೊಂದು ಬಿನ್ನಹ. ಲೇಥಿನ ಮೇಲೆ ಕೂದಲೆಳೆಯಷ್ಟು ಅಂತರವನ್ನು ಹಿಡಿಯಬಲ್ಲ ನಮ್ಮ ಕುಶಲನು ಐವತ್ತು ಪುಟದ ಇಂಗ್ಲಿಷ್ ಟೆಂಡರನ್ನು ಕಂಡು ಕಂಗೆಡುತ್ತಾನೆ. ಕೈಯ ವಿದ್ಯೆ ಅವನಲ್ಲಿದೆ, ಅಕ್ಷರದ ವಿದ್ಯೆ ತಮ್ಮಲ್ಲಿದೆ. ವಾರಕ್ಕೊಂದು ಸಂಜೆ ಅವನ ಪಕ್ಕದಲ್ಲಿ ಕುಳಿತು ಷರತ್ತುಗಳನ್ನು ಕನ್ನಡದಲ್ಲಿ ತಿಳಿಯಹೇಳಿರಿ. ಕೊನೆಯ ತಾರೀಖನ್ನು ಗೋಡೆಯ ಮೇಲೆ ಬರೆಯಿಸಿರಿ. ಎಷ್ಟೋ ಟೆಂಡರುಗಳು ದರದಿಂದಲ್ಲ, ಲಗತ್ತಿಸದ ಒಂದು ಕಾಗದದಿಂದ ಕೈತಪ್ಪುತ್ತವೆ.

ಬಂಧುಗಳೇ, ನೂರಕ್ಕೆ ಇಪ್ಪತ್ತೈದೆಂಬದು ದಾನವಲ್ಲ. ಅದು ಕಾಯಿದೆಯಿಂದ ಬಂದ ಪಾಲು. ಆದರೆ ಪಾಲು ತಾನಾಗಿ ಮನೆಗೆ ನಡೆದುಬರುವದಿಲ್ಲ. ನಾಳೆ ಬೆಳಿಗ್ಗೆ ನೋಂದಣಿಯಿಂದ ಆರಂಭ ಮಾಡಿರಿ. ಮೊದಲು ಚಿಕ್ಕ ಕೆಲಸವೊಂದನ್ನು ಹಿಡಿದು, ಹೇಳಿದ ದಿನಕ್ಕೆ, ಹೇಳಿದ ಅಳತೆಗೆ ಮುಗಿಸಿಕೊಡಿರಿ. ಎರಡನೆಯ ಕೆಲಸಕ್ಕೆ ಅದಕ್ಕಿಂತ ದೊಡ್ಡ ಶಿಫಾರಸು ಇಲ್ಲ.