ಕೇಳುವ ಮೊದಲು ಗದ್ದೆಗೊಮ್ಮೆ ಇಳಿಯಿರಿ

(ಗ್ರಾಮದ ರೈತರ ಕೂಟದಲ್ಲಿ ಮಾಡಿದ ಭಾಷಣ)



ಯಾವ ಊರಿಗೆ ಹೋದರೂ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದುಂಟು: “ಸ್ವಾಮಿ, ಪೈರು ಹಳದಿ ತಿರುಗಿದೆ, ಯಾವ ಔಷಧಿ ಹೊಡೆಯಲಿ?” ಕೇಳುವವರ ಆತುರ ಸಹಜವಾದದ್ದೇ. ಸಾಲ ಮಾಡಿ ನಾಟಿ ಹಾಕಿದ ಗದ್ದೆ ಕಣ್ಣೆದುರಿಗೇ ಬಣ್ಣಗೆಡುತ್ತಿದ್ದರೆ ಯಾರಿಗೆ ತಾನೇ ನಿದ್ದೆ ಬಂದೀತು? ಆದರೆ “ಮಗುವಿಗೆ ಮೈ ಸರಿಯಿಲ್ಲ, ಯಾವ ಮಾತ್ರೆ ಕೊಡಲಿ” ಎಂದಷ್ಟೇ ಕೇಳಿದರೆ ವೈದ್ಯರು ಏನು ಹೇಳಿಯಾರು? ಜ್ವರವೋ ಭೇದಿಯೋ ತಿಳಿಯಬೇಡವೇ? ಪೈರಿನ ಮಾತೂ ಹಾಗೆಯೇ.

ಹಳದಿಯಲ್ಲಿ ಎಷ್ಟು ಬಗೆ ಉಂಟು ನೋಡಿ. ಬುಡದ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತ ಬಂದು ಪೈರೆಲ್ಲ ಸೊರಗಿದ್ದರೆ ಸಾರಜನಕದ ಕೊರತೆ ಇರಬಹುದು. ಸಾರಜನಕ ಸಾಲದಾದಾಗ ಗಿಡವು ಹಳೆಯ ಎಲೆಯಲ್ಲಿದ್ದುದನ್ನು ಎಳೆಯ ಚಿಗುರಿಗೆ ಸಾಗಿಸುತ್ತದೆ. ಬರಗಾಲದಲ್ಲಿ ತಾಯಿ ತನ್ನ ತುತ್ತನ್ನು ಮಕ್ಕಳ ತಟ್ಟೆಗೆ ಹಾಕುವಂತೆ. ಅದೇ ಹಳೆಯ ಎಲೆ ಹಸಿರಾಗಿದ್ದು, ಸುಳಿಯ ಎಳೆಯ ಎಲೆ ಮಾತ್ರ ಬಿಳಿಚಿ, ನರಗಳು ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು. ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಕಡಲೆಕಾಯಿ, ಕಬ್ಬುಗಳಿಗೆ ಇದು ಬರುತ್ತದೆ. ಅಲ್ಲಿ ಯೂರಿಯಾ ಎಷ್ಟು ಚೆಲ್ಲಿದರೂ ಹಣ ಮಣ್ಣುಪಾಲು. ಭತ್ತ ನಾಟಿಯಾದ ಎರಡು ಮೂರು ವಾರಗಳಲ್ಲಿ ಎಲೆಗೆ ತುಕ್ಕಿನ ಬಣ್ಣದ ಚುಕ್ಕೆ ಬಂದು ಪೈರು ಕುಗ್ಗಿ ನಿಂತರೆ ಸತುವಿನ ಕೊರತೆಯ ಸೂಚನೆ. ಹೆಸರು, ಉದ್ದಿನ ಎಲೆಯಲ್ಲಿ ಹಳದಿ ಹಸಿರು ತೇಪೆ ಹಾಕಿದಂತಿದ್ದರೆ ಅದು ಬಿಳಿನೊಣ ಹರಡುವ ನಂಜು ರೋಗ. ಹಿಡಿದ ಗಿಡಕ್ಕೆ ಮದ್ದಿಲ್ಲ. ಮೊದಲಿಗೇ ಕಿತ್ತು ಹಾಕಿ ಉಳಿದವನ್ನು ನೊಣದಿಂದ ಕಾಪಾಡಬೇಕು. ಇನ್ನು ಹೊಲದಲ್ಲಿ ನೀರು ನಿಂತು, ಬೇರಿಗೆ ಉಸಿರು ಕಟ್ಟಿ ಜೋಳ ಹಳದಿಯಾಗಿದ್ದರೆ ಅದಕ್ಕೆ ಬೇಕಾದದ್ದು ಬಸಿಗಾಲುವೆ. ಗುದ್ದಲಿ ನಿಮ್ಮ ಮನೆಯಲ್ಲೇ ಇದೆ.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ತಪ್ಪು ಸಲಹೆಯ ಬೆಲೆ ಸಣ್ಣದಲ್ಲ. ಒಬ್ಬ ರೈತರ ಭತ್ತದ ಎಲೆಗಳ ಮೇಲೆ ಕದಿರಿನಾಕಾರದ ಮಚ್ಚೆಗಳು ಕಂಡವು. ಎರಡು ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು. ಪಕ್ಕದ ಗದ್ದೆಯವರು ಒಳ್ಳೆಯ ಮನಸ್ಸಿನಿಂದಲೇ, “ಹೋದ ವರ್ಷ ನನ್ನ ಪೈರೂ ಹೀಗೇ ಕೆಟ್ಟಿತ್ತು, ಇನ್ನೊಂದು ಮೂಟೆ ಯೂರಿಯಾ ಕೊಟ್ಟೆ, ಎದ್ದು ನಿಂತಿತು” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಅವರ ಪೈರಿಗೆ ಹೋದ ವರ್ಷ ಇದ್ದದ್ದು ಹಸಿವು. ಇವರ ಪೈರಿಗೆ ಬಂದದ್ದು ಬೆಂಕಿ ರೋಗ. ಸಾರಜನಕ ಹೆಚ್ಚಾದಷ್ಟೂ ಬೆಂಕಿ ರೋಗ ಹೆಚ್ಚುತ್ತದೆ. ಮೋಡ ಮುಸುಕಿದ ದಿನಗಳು, ರಾತ್ರಿಯ ಇಬ್ಬನಿ ಸೇರಿಕೊಂಡವು. ತೆನೆಯ ಕುತ್ತಿಗೆ ಕಪ್ಪಾಗಿ ಮುರಿಯಿತು, ಕಾಳು ಜೊಳ್ಳಾಯಿತು. ಭತ್ತ ಬೆಳೆಯುವ ಆ ಮನೆಯವರು ಆ ವರ್ಷ ಊಟಕ್ಕೆ ಅಕ್ಕಿಯನ್ನು ಕೊಂಡು ತಂದರು. ನಾನು ಆ ಗದ್ದೆಯನ್ನು ನೋಡಿದ್ದು ಕೊಯ್ಲಿಗೆ ಮುಂಚೆ. ಆಗ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಆದ್ದರಿಂದ ಸಲಹೆ ಕೇಳಲು ಬರುವವರು ಗಿಡವನ್ನು ಬೇರು ಸಹಿತ ಅಗೆದು ತನ್ನಿ. ಕೀಳಬೇಡಿ, ಕಿತ್ತರೆ ನೋಡಬೇಕಾದ ಬೇರು ನೆಲದಲ್ಲೇ ಉಳಿಯುತ್ತದೆ. ಪೂರ್ತಿ ಸತ್ತ ಗಿಡ ಬೇಡ, ಈಗ ತಾನೇ ಕಾಯಿಲೆ ಹಿಡಿದ ಗಿಡ ಬೇಕು. ಜೊತೆಗೆ ಅದೇ ಹೊಲದ ಒಂದು ಆರೋಗ್ಯವಾದ ಗಿಡವೂ ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆಯುತ್ತದೆ, ಕಾಗದದಲ್ಲಿ ಸುತ್ತಿ ತನ್ನಿ. ಈಗ ಮೊಬೈಲಿನಲ್ಲಿ ಚಿತ್ರ ಕಳಿಸುವ ರೂಢಿ ಬಂದಿದೆ, ಒಳ್ಳೆಯದೇ. ಆದರೆ ಒಂದು ಎಲೆಯ ಚಿತ್ರ ಸಾಲದು. ಇಡೀ ಹೊಲದ್ದೊಂದು, ಇಡೀ ಗಿಡದ್ದೊಂದು, ಎಲೆಯ ಎರಡೂ ಬದಿಯದೊಂದೊಂದು ಬೇಕು. ಕಾಯಿಲೆ ಹೊಲದ ತುಂಬ ಒಂದೇ ಸಮನಾಗಿದೆಯೋ, ಅಲ್ಲಲ್ಲಿ ಗುಂಪಾಗಿದೆಯೋ, ಬದುವಿನ ಪಕ್ಕದಲ್ಲಿ ಮಾತ್ರವೋ ಎಂಬುದೇ ಎಷ್ಟೋ ಸಲ ಅರ್ಧ ಉತ್ತರವನ್ನು ಹೇಳಿಬಿಡುತ್ತದೆ.

ತಳಿ ಯಾವುದು, ಬಿತ್ತಿದ್ದು ಎಂದು, ಗೊಬ್ಬರ ಎಷ್ಟು, ಹಿಂದಿನ ಬೆಳೆ ಏನು, ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಓದುವ ಮಕ್ಕಳಿದ್ದಾರಲ್ಲ. ಮುಖ್ಯವಾಗಿ, ಮಾಡಿದ್ದನ್ನು ಮುಚ್ಚಿಡಬೇಡಿ. ಅಂಗಡಿಯಲ್ಲಿ ಹೇಳಿದರೆಂದು ಎರಡು ಮೂರು ಔಷಧಿ ಬೆರೆಸಿ ಹೊಡೆದಾದ ಮೇಲೆ, “ಇನ್ನೂ ಏನೂ ಹಾಕಿಲ್ಲ” ಎನ್ನುವವರಿದ್ದಾರೆ. ಬೈಯುತ್ತಾರೆಂಬ ಸಂಕೋಚವಿರಬೇಕು. ಬೈಯುವುದು ನನ್ನ ಕೆಲಸವಲ್ಲ. 2,4-ಡಿ ಎಂಬ ಕಳೆನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಹತ್ತಿಗೆ ಬಳಸಿದರೆ ಎಲೆ ಮುರುಟಿ ನಂಜು ರೋಗದಂತೆಯೇ ಕಾಣುತ್ತದೆ. ಪಂಪಿನ ವಿಷಯ ನೀವು ಹೇಳದಿದ್ದರೆ ನಾನು ಇಲ್ಲದ ರೋಗಕ್ಕೆ ಮದ್ದು ಹುಡುಕಬೇಕಾಗುತ್ತದೆ.

ಔಷಧಿ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನೂ ನೋಡಿ. ಕೆಂಪು ಅತಿ ಘೋರ ವಿಷ, ಅನಂತರ ಹಳದಿ, ನೀಲಿ, ಹಸಿರು. ಹಸಿರೆಂದರೂ ವಿಷವೇ. ಸಿಂಪಡಿಸುವಾಗ ಯಾರಿಗಾದರೂ ತಲೆ ಸುತ್ತಿ ವಾಂತಿಯಾದರೆ ಊರ ಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಡಬ್ಬಿಯನ್ನೂ ಒಯ್ಯಿರಿ. ಯಾವ ವಿಷವೆಂದು ವೈದ್ಯರಿಗೆ ತಿಳಿದರೆ ಚಿಕಿತ್ಸೆ ಬೇಗ ಆಗುತ್ತದೆ.

ಸಲಹೆ ಕೊಡುವವರಿಗೂ ಎರಡು ಮಾತು. ಕಟ್ಟೆಯ ಮೇಲೆ ಕುಳಿತು “ಇದನ್ನು ಹಾಕು” ಎನ್ನುವಾಗ, ನಿಮ್ಮದು ಕೆಂಪು ನೆಲವೋ ಎರೆಯೋ, ನೀರಾವರಿಯೋ ಮಳೆಯಾಶ್ರಯವೋ, ಎಷ್ಟು ಹಾಕಿದಿರಿ ಎಂಬುದನ್ನೂ ಸೇರಿಸಿ ಹೇಳಿ. ಫಲಿಸದಿದ್ದುದನ್ನೂ ಹೇಳಿ, ಅದು ಹೆಚ್ಚು ಉಪಯೋಗ. ಕೇಳಿಸಿಕೊಂಡವರು ಹೊಸದನ್ನು ಮೊದಲು ನಾಲ್ಕು ಸಾಲಿಗೆ ಮಾಡಿ, ಪಕ್ಕದ ನಾಲ್ಕು ಸಾಲು ಹಾಗೆಯೇ ಬಿಟ್ಟು ನೋಡಲಿ. ಅರವತ್ತು ವರ್ಷ ಆರು ಕಟ್ಟಿದ ಹಿರಿಯರಿಗೆ ನನ್ನ ವಯಸ್ಸಿನವನನ್ನು ಕೇಳಲು ಸಂಕೋಚವಾಗುವುದುಂಟು. ಕೇಳಬೇಡಿ, ನನಗೆ ಹೇಳಿ. ಯಾವ ಹೊಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಡಿಪ್ಲೊಮಾ ತರಗತಿಯಲ್ಲಿ ಸಿಗುವ ಪಾಠವಲ್ಲ. ತಾಯಂದಿರಂತೂ ಈ ಸಭೆಯಲ್ಲಿ ಹಿಂದೆಯೇ ಕುಳಿತಿದ್ದಾರೆ. ತೊಗರಿ, ಹೆಸರು ಕಾಳಿಗೆ ಎಣ್ಣೆ ಸವರಿಟ್ಟರೆ ಹುಳು ಹಿಡಿಯುವುದಿಲ್ಲವೆಂದು ಅವರು ಅಜ್ಜಿಯಿಂದ ಕಲಿತದ್ದು ಸರಿಯಾದದ್ದೇ. ಕಿಲೋ ಕಾಳಿಗೆ ಒಂದು ಚಮಚ ಸಾಕು.

1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ಮೊದಲಾದಾಗ, ರೈತನ ಪ್ರಶ್ನೆಯನ್ನು ಸಂಶೋಧನೆ ಮಾಡುವವರಿಗೆ ಮುಟ್ಟಿಸಿ ಉತ್ತರವನ್ನು ಊರಿಗೆ ತರಲೆಂದೇ ಗ್ರಾಮಸೇವಕರನ್ನು ನೇಮಿಸಿದರು. ಈಗ ನಿಮಗೆ ದಾರಿಗಳು ಹೆಚ್ಚಾಗಿವೆ: ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ, ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಕರೆ ಮಾಡುವಾಗ ಕೈಯಲ್ಲಿ ಪೆನ್ನು ಇರಲಿ. ಹೇಳಿದ ಅಳತೆಯನ್ನು ಬರೆದುಕೊಂಡು, ಒಮ್ಮೆ ಓದಿ ಹೇಳಿ, ಎಕರೆಗೋ ಹೆಕ್ಟೇರಿಗೋ ಎಂದು ತಪ್ಪದೆ ಕೇಳಿ. ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಸತುವಿನ ಸಲ್ಫೇಟು ಹೆಕ್ಟೇರಿಗೆ 20 ಕಿಲೋ ಎಂದು ಹೇಳಿದರೆ ನಿಮ್ಮ ಒಂದು ಎಕರೆಗೆ 8 ಕಿಲೋ ಮಾತ್ರ.